ಹಾಡಿನ ಭಾಷ್ಯಕಾರ ಯೆಹೂದ ಹಲೇವಿ

ಧರ್ಮಗ್ರಂಥಕ್ಕೆ ಅರ್ಥ ಹೇಳುವ ಮಾರ್ಗಗಳು ಹಲವು. ಪಂಡಿತನು ಪದಪದಕ್ಕೂ ಭಾಷ್ಯ ಬರೆಯುತ್ತಾನೆ. ಉಪದೇಶಕನು ಪೀಠದಲ್ಲಿ ನಿಂತು ಪ್ರವಚನ ಮಾಡುತ್ತಾನೆ. ತಾರ್ಕಿಕನು ಪೂರ್ವಪಕ್ಷವನ್ನು ಹೂಡಿ ಅದನ್ನು ಖಂಡಿಸುತ್ತಾನೆ. ಕವಿಯಾದವನು ಇವರಾರೂ ಮಾಡಲಾರದ ಒಂದು ಕೆಲಸವನ್ನು ಮಾಡುತ್ತಾನೆ: ಗ್ರಂಥದ ಮಾತನ್ನು ಹೊಸ ಹಾಡಿನೊಳಗೆ ಸೇರಿಸಿ, ಹಾಡುವವನ ಸ್ವಂತ ಮಾತನ್ನಾಗಿ ಮಾಡಿಬಿಡುತ್ತಾನೆ. ಯೆಹೂದ್ಯರ ಚರಿತ್ರೆಯಲ್ಲಿ ಈ ಕೆಲಸವನ್ನು ಮಾಡಿದವರಲ್ಲಿ ಅಗ್ರಗಣ್ಯನೆನಿಸಿದವನು ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಸ್ಪೇನ್ ದೇಶದಲ್ಲಿ ಬಾಳಿದ ಯೆಹೂದ ಹಲೇವಿ.

ಮಧ್ಯಯುಗದ ಯೂರೋಪಿನ ಇತಿಹಾಸವನ್ನು ಓದುವಾಗ ನನಗೆ ಈತನ ಹೆಸರು ಮೊದಲು ದೊರೆಯಿತು. ವೈದ್ಯ, ತತ್ತ್ವಜ್ಞಾನಿ, ಕವಿ ಎಂಬ ಮೂರು ಮಾತುಗಳಲ್ಲಿ ಪಠ್ಯಪುಸ್ತಕವು ಆತನನ್ನು ಮುಗಿಸಿಬಿಟ್ಟಿತ್ತು. ಬಳಿಕ ನೀನಾ ಸಲಮನ್ ಎಂಬ ವಿದುಷಿ ೧೯೨೪ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದಗಳನ್ನು ಓದಿದೆನು. ಆಗ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ನಿಂತಿತು. ಮನೆ, ಮಗಳು, ಮೊಮ್ಮಗ, ವೃತ್ತಿ, ಕೀರ್ತಿ, ಮಿತ್ರಮಂಡಲಿ ಎಲ್ಲವೂ ಇದ್ದ ಒಬ್ಬ ವೃದ್ಧನು ಎಲ್ಲವನ್ನೂ ಬಿಟ್ಟು, ಅಪಾಯಕರವಾದ ಸಮುದ್ರವನ್ನು ದಾಟಿ, ಶತ್ರುಗಳ ವಶದಲ್ಲಿದ್ದ ಪಾಳುಭೂಮಿಗೆ ಏಕೆ ಹೊರಟನು? ಇದಕ್ಕೆ ಉತ್ತರ ಆತನ ಹಾಡುಗಳಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಅದನ್ನೇ ಇಲ್ಲಿ ಸಂಗ್ರಹವಾಗಿ ನಿವೇದಿಸಲು ಯತ್ನಿಸುತ್ತೇನೆ.

ಹಲೇವಿ ಎಂದರೆ ಲೇವಿ ಕುಲದವನು ಎಂದರ್ಥ. ಯೆರೂಸಲೇಮಿನ ದೇವಾಲಯವು ನಿಂತಿದ್ದ ಕಾಲದಲ್ಲಿ ಅಲ್ಲಿ ಕೀರ್ತನೆಗಳನ್ನು ಹಾಡುವ ಸೇವೆ ಲೇವಿಯರದಾಗಿತ್ತು. ಕ್ರಿ.ಶ. ೭೦ರಲ್ಲಿ ರೋಮನರು ಆ ದೇವಾಲಯವನ್ನು ಕೆಡವಿದರು. ಹಾಡುವ ಸ್ಥಳ ಹೋಯಿತು. ಹಾಡುವ ಕುಲ ಉಳಿಯಿತು. ಆ ಕುಲದ ಒಬ್ಬನು ಸಾವಿರ ವರ್ಷಗಳ ತರುವಾಯ ಭೂಮಧ್ಯ ಸಮುದ್ರದ ಪಶ್ಚಿಮದ ಕೊನೆಯಲ್ಲಿ ಹುಟ್ಟಿ, ಹೋದ ಸ್ಥಳವನ್ನೇ ನೆನೆದು ಹಾಡಿದನೆಂಬುದನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

ಆತನು ೧೦೭೫ ಮತ್ತು ೧೦೮೫ರ ನಡುವೆ ಹುಟ್ಟಿದನು. ಜನ್ಮಸ್ಥಳವು ಉತ್ತರ ಸ್ಪೇನಿನ ತುದೇಲ ಪಟ್ಟಣವೆಂದು ಇಂದಿನ ವಿದ್ವಾಂಸರಲ್ಲಿ ಬಹುಮಂದಿಯ ಮತ. ಆಗಿನ ಸ್ಪೇನ್ ಎರಡು ಧರ್ಮಗಳ ಅರಸರ ರಣರಂಗವಾಗಿತ್ತು. ೧೦೮೫ರಲ್ಲಿ ಕ್ಯಾಸ್ಟೀಲಿನ ಕ್ರೈಸ್ತ ದೊರೆ ಆರನೆಯ ಅಲ್ಫಾನ್ಸೋ ತೊಲೇದೊ ನಗರವನ್ನು ಮುಸಲ್ಮಾನರಿಂದ ಗೆದ್ದುಕೊಂಡನು. ಮರುವರ್ಷವೇ ಆಫ್ರಿಕದಿಂದ ಬಂದ ಅಲ್ಮೊರಾವಿದರು ಆತನನ್ನು ಸೋಲಿಸಿ ೧೦೯೦ರಲ್ಲಿ ಗ್ರನಾಡವನ್ನು ಹಿಡಿದರು. ೧೦೯೯ರಲ್ಲಿ ಧರ್ಮಯುದ್ಧದ ಕ್ರೈಸ್ತ ಯೋಧರು ಯೆರೂಸಲೇಮನ್ನು ಹೊಕ್ಕು ಅಲ್ಲಿನ ಮುಸಲ್ಮಾನರನ್ನೂ ಯೆಹೂದ್ಯರನ್ನೂ ಕೊಂದರು. ಹಲೇವಿಯ ಬಾಲ್ಯ ಮತ್ತು ಯೌವನಗಳು ಕಳೆದುದು ಈ ಕೋಲಾಹಲದಲ್ಲಿ. ಎರಡು ಆನೆಗಳ ಕಾಳಗದಲ್ಲಿ ನಡುವಿನ ಹುಲ್ಲು ತುಳಿತಕ್ಕೆ ಸಿಕ್ಕುವಂತೆ, ಯಾರು ಗೆದ್ದರೂ ಯೆಹೂದ್ಯರಿಗೆ ಕಷ್ಟ ತಪ್ಪುತ್ತಿರಲಿಲ್ಲ.

ಆದರೆ ತರುಣ ಯೆಹೂದನ ಮೊದಲ ದಿನಗಳು ಸಂತೋಷದ ದಿನಗಳು. ವಿದ್ಯಾರ್ಜನೆಗಾಗಿ ಆತನು ದಕ್ಷಿಣದ ಆಂದಲೂಸಿಯ ಪ್ರಾಂತಕ್ಕೆ ಹೊರಟನು. ದಾರಿಯಲ್ಲಿ ಒಂದು ಕವಿಗೋಷ್ಠಿ. ಅಲ್ಲಿ ಗ್ರನಾಡದ ಹಿರಿಯ ಕವಿ ಮೋಶೆ ಇಬ್ನ್ ಎಜ್ರನ ಕ್ಲಿಷ್ಟವಾದ ಒಂದು ಪದ್ಯದ ಧಾಟಿಯಲ್ಲಿಯೇ ಮತ್ತೊಂದನ್ನು ಕಟ್ಟಬೇಕೆಂಬ ಸ್ಪರ್ಧೆ. ಇತರರು ಸೋತ ಕಡೆ ಈ ಅಪರಿಚಿತ ಹುಡುಗ ಗೆದ್ದನು. ಸುದ್ದಿ ತಿಳಿದ ಹಿರಿಯನು ಆತನನ್ನು ಆದರದಿಂದ ಗ್ರನಾಡಕ್ಕೆ ಕರೆಸಿಕೊಂಡನು. ಅಲ್ಮೊರಾವಿದರ ದಾಳಿಯಿಂದ ಗ್ರನಾಡದ ಯೆಹೂದ್ಯ ಸಮಾಜ ಚದುರಿಹೋಗುವವರೆಗೆ ಉದ್ಯಾನಗಳ ನಡುವೆ ಕಾವ್ಯ ಮತ್ತು ಸಂಗೀತಗಳಲ್ಲಿ ಇವರ ಕಾಲ ಸರಿಯಿತು. ಮುಂದೆ ಮೋಶೆ ಇಬ್ನ್ ಎಜ್ರನು ದೇಶಭ್ರಷ್ಟನಾಗಿ ಉತ್ತರದಲ್ಲಿ ಅಲೆಯುವಂತಾದಾಗಲೂ ಹಲೇವಿ ಆತನಿಗೆ ಪದ್ಯಗಳನ್ನು ಬರೆದು ಕಳುಹಿಸುತ್ತಿದ್ದನು.

ಇಲ್ಲಿ ಆ ಕಾಲದ ಹೀಬ್ರೂ ಹಾಡಿನ ಕಟ್ಟನ್ನು ಸ್ವಲ್ಪ ವಿವರಿಸಬೇಕು. ಅರಬ್ಬೀ ಛಂದಸ್ಸು ನಮ್ಮ ಗುರುಲಘುಗಳ ಪದ್ಧತಿಯನ್ನು ಬಹುಮಟ್ಟಿಗೆ ಹೋಲುತ್ತದೆ. ಹತ್ತನೆಯ ಶತಮಾನದಲ್ಲಿ ದುನಾಶ್ ಬೆನ್ ಲಬ್ರಾತ್ ಎಂಬುವನು ಅದನ್ನು ಹೀಬ್ರೂ ಭಾಷೆಗೆ ಅಳವಡಿಸಿದನು. ಇದಲ್ಲದೆ ಸ್ಪೇನಿನಲ್ಲಿ ಹುಟ್ಟಿದ ಮುವಶ್ಶಹ ಎಂಬ ಹಾಡಿನ ಜಾತಿಯೂ ಇತ್ತು. ಒಡ್ಯಾಣದ ಹಾಡು ಎಂದು ಅದನ್ನು ಕರೆಯಬಹುದು. ಪ್ರತಿಯೊಂದು ನುಡಿಯ ಅಂತ್ಯಪ್ರಾಸವೂ ಬೇರೆಯಾಗಿದ್ದು, ನುಡಿ ಮುಗಿಯುವಾಗ ಮೊದಲಿನ ಪ್ರಾಸವೇ ಮತ್ತೆ ಬಂದು ಇಡೀ ಹಾಡನ್ನು ಒಡ್ಯಾಣದಂತೆ ಬಿಗಿಯುತ್ತದೆ. ಕೊನೆಯ ಚರಣವನ್ನು ಆಡುಮಾತಿನ ಅರಬ್ಬಿಯಲ್ಲಿಯೋ ಅಲ್ಲಿನ ಜನರ ರೋಮಾನ್ಸ್ ನುಡಿಯಲ್ಲಿಯೋ ಹೇಳಿಸುವುದು ವಾಡಿಕೆ. ಸ್ಯಾಮ್ಯುಯೆಲ್ ಸ್ಟರ್ನ್ ಎಂಬ ವಿದ್ವಾಂಸನು ೧೯೪೮ರಲ್ಲಿ ಇಂತಹ ಚರಣಗಳನ್ನು ಓದಿ ಅರ್ಥಮಾಡಿ ತೋರಿಸಿದಾಗ, ಸ್ಪ್ಯಾನಿಷ್ ಸಾಹಿತ್ಯದ ಅತ್ಯಂತ ಪ್ರಾಚೀನ ತುಣುಕುಗಳಲ್ಲಿ ಕೆಲವು ಹೀಬ್ರೂ ಲಿಪಿಯಲ್ಲಿ, ಯೆಹೂದ ಹಲೇವಿಯ ಹಾಡುಗಳ ಕೊನೆಯಲ್ಲಿ ಅಡಗಿದ್ದವೆಂದು ಪ್ರಪಂಚಕ್ಕೆ ತಿಳಿಯಿತು! ಈ ಹಾಡುಗಳು ಓದಿ ಬದಿಗಿಡುವ ಪದ್ಯಗಳಲ್ಲ; ಜನರಿಗೆ ಆಗಲೇ ಪರಿಚಿತವಾದ ಮಟ್ಟುಗಳಿಗೆ ಹೊಂದಿಸಿ ಹಾಡಲೆಂದೇ ಕಟ್ಟಿದವು.

ವೃತ್ತಿಯಿಂದ ಹಲೇವಿ ವೈದ್ಯನು. ಕ್ರೈಸ್ತರ ಆಳ್ವಿಕೆಗೆ ಬಂದಿದ್ದ ತೊಲೇದೊವಿನಲ್ಲಿ ಬಹುಕಾಲ ಚಿಕಿತ್ಸೆ ನಡೆಸಿದನು. ರೋಗಿಗಳ ಸಂದಣಿಯಲ್ಲಿ ಹಗಲೆಲ್ಲ ಮುಗಿದು ಹೋಗುವುದೆಂದೂ ಇದು ವ್ಯರ್ಥವಾದ ದುಡಿಮೆಯೆಂದೂ ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಬೇಸರಪಟ್ಟುಕೊಂಡಿದ್ದಾನೆ. ಅಲ್ಲಿ ನಡೆದ ಒಂದು ಘಟನೆ ಆತನ ಮನಸ್ಸಿನಲ್ಲಿ ಆಳವಾದ ಗಾಯ ಮಾಡಿತು. ಅಲ್ಫಾನ್ಸೋವಿನ ಆಸ್ಥಾನದಲ್ಲಿ ಸೊಲೊಮೋನ್ ಇಬ್ನ್ ಫೆರುಸಿಯೆಲ್ ಎಂಬ ಯೆಹೂದ್ಯ ಅಧಿಕಾರಿಯಿದ್ದನು. ೧೧೦೮ರಲ್ಲಿ ಆತನು ರಾಜಕಾರ್ಯವನ್ನು ಮುಗಿಸಿ ಊರಿಗೆ ಹಿಂದಿರುಗುತ್ತಿದ್ದನು. ಆತನನ್ನು ಎದುರುಗೊಳ್ಳಲೆಂದು ಹಲೇವಿ ಸ್ವಾಗತಗೀತೆಯನ್ನು ಸಿದ್ಧಪಡಿಸಿದ್ದನು. ದಾರಿಯಲ್ಲಿಯೇ ಆತನ ಕೊಲೆಯಾಯಿತು. ಸ್ವಾಗತಗೀತೆಯನ್ನು ಬರೆದ ಕೈಯೇ ಶೋಕಗೀತೆಯನ್ನು ಬರೆಯಬೇಕಾಯಿತು. ಅರಸರ ಕೃಪೆಯ ನೆರಳಿನಲ್ಲಿ ತನ್ನ ಜನ ನೆಮ್ಮದಿಯಾಗಿ ಬಾಳಬಹುದೆಂಬ ನಂಬಿಕೆ ಅಲ್ಲಿಂದ ಮುಂದೆ ಆತನಲ್ಲಿ ಕುಗ್ಗುತ್ತಲೇ ಹೋಯಿತು.

ಹಲೇವಿಯ ಸುಮಾರು ೮೦೦ ಕವಿತೆಗಳು ಉಳಿದುಬಂದಿವೆ. ಪ್ರೇಮ, ಮದಿರೆ, ಮದುವೆ, ಸ್ನೇಹ, ಮರಣ ಎಲ್ಲವೂ ಅವುಗಳಲ್ಲಿ ಉಂಟು. ಆದರೆ ೩೫೦ರಷ್ಟು ಕವಿತೆಗಳು ಸಭಾಮಂದಿರದ ಪ್ರಾರ್ಥನೆಗಾಗಿ ಕಟ್ಟಿದ ಹಾಡುಗಳು. ನನ್ನ ವಿಷಯಕ್ಕೆ ಮುಖ್ಯವಾದವು ಇವೇ. ಯೆಹೂದ್ಯರ ಪ್ರಾರ್ಥನೆಗಳಿಗೆ ನಿಯತವಾದ ಪಾಠವುಂಟು. ಹಬ್ಬಹರಿದಿನಗಳಲ್ಲಿ ಆ ಪಾಠದ ನಡುವೆ ಹೊಸ ಹಾಡುಗಳನ್ನು ಸೇರಿಸಿ ಹಾಡುವ ಸಂಪ್ರದಾಯವಿತ್ತು. ಆ ದಿನ ಓದಬೇಕಾದ ಶಾಸ್ತ್ರಭಾಗಕ್ಕೂ, ಅದನ್ನು ಕೇಳುತ್ತ ನಿಂತ ಜನರ ಬಾಳಿಗೂ ನಡುವೆ ಸೇತುವೆಯಾಗುವುದು ಈ ಹಾಡುಗಳ ಕೆಲಸ. ನಮ್ಮ ದಾಸರು ಪದದ ಕೊನೆಯಲ್ಲಿ ಅಂಕಿತವನ್ನಿಡುವಂತೆ, ಈ ಕವಿಗಳು ನುಡಿಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ತಮ್ಮ ಹೆಸರು ಹೊರಡುವಂತೆ ರಚಿಸುತ್ತಿದ್ದರು.

ಇವರ ಮುಖ್ಯ ಉಪಾಯವೊಂದನ್ನು ಹೇಳಬೇಕು. ಅಕ್ಕಸಾಲಿಯು ಒಡವೆಯಲ್ಲಿ ಹರಳನ್ನು ಕೂಡಿಸುವಂತೆ ಕವಿಯು ಶಾಸ್ತ್ರದ ಪದಗುಚ್ಛಗಳನ್ನು ತನ್ನ ಸಾಲಿನಲ್ಲಿ ಕೂಡಿಸುತ್ತಾನೆ. ಕೇಳುವವನಿಗೆ ಮೂಲಗ್ರಂಥ ಬಾಯಿಪಾಠ. ಆದಕಾರಣ ಪದಗಳು ಕಿವಿಗೆ ಬಿದ್ದೊಡನೆ ಅವುಗಳ ಹಿಂದಿನ ಕಥೆಯೆಲ್ಲ ಮನಸ್ಸಿಗೆ ಬರುತ್ತದೆ. ಆದರೆ ಈಗ ಅವು ಬೇರೆ ಸಂದರ್ಭದಲ್ಲಿ ಕುಳಿತು ಬೇರೆ ಅರ್ಥವನ್ನು ಕೊಡುತ್ತವೆ. ಹಳೆಯ ಮಾತು, ಹೊಸ ಅರ್ಥ. ಎರಡರ ನಡುವಿನ ಅಂತರವೇ ವ್ಯಾಖ್ಯಾನ. ಒಂದು ಉದಾಹರಣೆಯನ್ನು ಕೊಡುತ್ತೇನೆ.

ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರು ಕೆಂಪು ಸಮುದ್ರವನ್ನು ದಾಟಿದ ಕಥೆಯಿದೆ. ಪಸ್ಕಹಬ್ಬದ ಏಳನೆಯ ದಿನ ಅದನ್ನು ಓದುತ್ತಾರೆ. ಆ ದಿನಕ್ಕಾಗಿ ಹಲೇವಿ ಕಟ್ಟಿದ ಹಾಡು ಇಂದಿಗೂ ಪ್ರಸಿದ್ಧವಾಗಿದೆ; ಸುನ್ನತಿಯ ಸಮಾರಂಭಗಳಲ್ಲಿಯೂ ಅದನ್ನು ಹಾಡುತ್ತಾರೆ. ಸಮುದ್ರದ ಆಳವು ಒಣನೆಲವಾದುದು, ಫರೋಹನ ಸೇನೆ ಮುಳುಗಿದುದು, ಬಿಡುಗಡೆ ಹೊಂದಿದವರು ಹೊಸ ಹಾಡು ಹಾಡಿದುದು ಎಲ್ಲವೂ ಅದರಲ್ಲಿ ಬರುತ್ತವೆ. ಅನಂತರ ಹಾಡು ಒಮ್ಮೆಗೇ ಇನ್ನೊಂದು ಕಥೆಗೆ ತಿರುಗುತ್ತದೆ. ಆದಿಕಾಂಡದಲ್ಲಿ ತಾಮಾರಳೆಂಬ ವಿಧವೆಯ ಕಥೆಯಿದೆ. ಮಾವನಾದ ಯೆಹೂದನು ಅವಳನ್ನು ತಪ್ಪಿತಸ್ಥಳೆಂದು ಶಿಕ್ಷೆಗೆ ಗುರಿಮಾಡಿದಾಗ, ಅವಳು ಆತನೇ ಒತ್ತೆಯಿಟ್ಟಿದ್ದ ಮುದ್ರೆಯನ್ನೂ ದಾರವನ್ನೂ ಕಳುಹಿಸಿ, ಇವು ಯಾರವೆಂದು ಗುರುತಿಸಬೇಕೆಂದು ಕೇಳುತ್ತಾಳೆ. ಯೆಹೂದನು ಗುರುತಿಸುತ್ತಾನೆ, ಅವಳು ಉಳಿಯುತ್ತಾಳೆ. ಹಲೇವಿ ಆ ಮುದ್ರೆ ಮತ್ತು ದಾರಗಳ ಪ್ರಶ್ನೆಯನ್ನೇ ತನ್ನ ಹಾಡಿನಲ್ಲಿ ಕೂಡಿಸಿದ್ದಾನೆ. ಇಲ್ಲಿ ಮುದ್ರೆಯೆಂದರೆ ದೇಹದ ಮೇಲಿನ ಸುನ್ನತಿಯ ಗುರುತು. ದಾರವೆಂದರೆ ಉಡುಪಿನ ಅಂಚಿನಲ್ಲಿ ಧರಿಸುವ ಗೊಂಡೆ. ನಿಂದೆಗೆ ಗುರಿಯಾದ ಹೆಂಗಸಿನ ಸ್ಥಾನದಲ್ಲಿ ಈಗ ಇಡೀ ಜನಾಂಗವೇ ನಿಂತಿದೆ. ಗುರುತು ಹಿಡಿಯಬೇಕಾದವನು ದೇವರು. ನೀನು ಕೊಟ್ಟ ಒತ್ತೆ ನಮ್ಮಲ್ಲಿದೆ, ನಮ್ಮನ್ನು ಒಪ್ಪಿಕೋ ಎಂಬ ಧೈರ್ಯದ ಬೇಡಿಕೆ ಇದರಲ್ಲಿ ಅಡಗಿದೆ. ಎರಡು ಕಥೆಗಳನ್ನು ಹೀಗೆ ಹೆಣೆದುದರಿಂದ ಹಿಂದಿನ ಬಿಡುಗಡೆಯ ನೆನಪು ಮುಂದಿನ ಬಿಡುಗಡೆಯ ಹಕ್ಕುಪತ್ರವಾಯಿತು. ಹತ್ತು ಪುಟದ ಭಾಷ್ಯ ಹೇಳಬೇಕಾದುದನ್ನು ಹಾಡು ಕೆಲವೇ ಪದಗಳಲ್ಲಿ ಹೇಳಿತು.

ಸಬ್ಬತ್ ದಿನದ ಊಟದ ಸಮಯದಲ್ಲಿ ಹಾಡುವ ಇನ್ನೊಂದು ಹಾಡಿನಲ್ಲಿ ನೋಹನ ಪಾರಿವಾಳ ಬರುತ್ತದೆ. ಪ್ರಳಯದ ನೀರಿನ ಮೇಲೆ ಹಾರಿಬಿಟ್ಟ ಪಾರಿವಾಳಕ್ಕೆ ಕಾಲೂರಲು ಸ್ಥಳ ದೊರೆಯಲಿಲ್ಲವೆಂದು ಆದಿಕಾಂಡ ಹೇಳುತ್ತದೆ. ಹಲೇವಿಯ ಹಾಡಿನಲ್ಲಿ ಆ ಹಕ್ಕಿಗೆ ವಿಶ್ರಾಂತಿ ಸಿಕ್ಕುವುದು ಸಬ್ಬತ್ ದಿನದಲ್ಲಿ. ಹಳೆಯ ವ್ಯಾಖ್ಯಾನಕಾರರು ಪಾರಿವಾಳವನ್ನು ಇಸ್ರಾಯೇಲಿನ ಸಂಕೇತವೆಂದು ಹೇಳಿದ್ದರು. ನೆಲವಿಲ್ಲದ ಜನಕ್ಕೆ ವಾರದಲ್ಲಿ ಒಂದು ದಿನವೇ ನೆಲವಾಯಿತೆಂಬ ಭಾವ ಈ ಹಾಡಿನಿಂದ ಮನೆಮನೆಯ ಊಟದ ಮೇಜಿಗೆ ಬಂದಿತು. ವಿದ್ಯೆಯಿಲ್ಲದವನೂ, ಮಗುವೂ ಇದನ್ನು ಹಾಡಬಲ್ಲರು. ಹಾಡುತ್ತ ಹಾಡುತ್ತ ವ್ಯಾಖ್ಯಾನವನ್ನು ಕಲಿಯುತ್ತಾರೆ.

ಪರಮಗೀತವೆಂಬ ಗ್ರಂಥವು ನಲ್ಲ ನಲ್ಲೆಯರ ಪ್ರೇಮಗೀತೆ. ಅದರ ನಲ್ಲನು ದೇವರು, ನಲ್ಲೆ ಇಸ್ರಾಯೇಲ್ ಎಂದು ಯೆಹೂದ್ಯ ಗುರುಗಳು ಅರ್ಥ ಹೇಳುತ್ತಿದ್ದರು. ಹಲೇವಿ ಅರಬ್ಬೀ ಪ್ರೇಮಕವಿಗಳ ವಿರಹ, ದೂಷಣೆ, ಕಾಯುವಿಕೆ ಮೊದಲಾದ ಎಲ್ಲ ಸಾಮಗ್ರಿಯನ್ನೂ ಈ ಅರ್ಥಕ್ಕೆ ದುಡಿಸಿಕೊಂಡನು. ಅಬೂ ಅಶ್‌ಶೀಸ್ ಎಂಬ ಅರಬ್ಬೀ ಕವಿಯ ಒಂದು ಲೌಕಿಕ ಪ್ರೇಮಪದ್ಯವನ್ನೇ ತೆಗೆದುಕೊಂಡು, ಅದರ ಕಟ್ಟನ್ನು ಉಳಿಸಿ, ದೇವರಿಂದ ದೂರವಾದ ಜನಾಂಗದ ಮಾತನ್ನಾಗಿ ಮಾಡಿದನು. ಶತ್ರುಗಳ ಹಿಂಸೆಯಲ್ಲಿಯೂ ಪ್ರಿಯನ ಕೈಯನ್ನೇ ಕಾಣುವ ಈ ಹಾಡು ಓದುವವನನ್ನು ಬೆಚ್ಚಿಬೀಳಿಸುತ್ತದೆ. ನೋವಿಗೆ ಇಷ್ಟು ದೊಡ್ಡ ಅರ್ಥ ಕೊಡುವುದು ಸರಿಯೇ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಆದರೆ ನೋವನ್ನು ತಪ್ಪಿಸುವ ಶಕ್ತಿಯಿಲ್ಲದ ಜನಕ್ಕೆ ಅದು ಅರ್ಥಹೀನವಲ್ಲವೆಂಬ ನಂಬಿಕೆಯೊಂದೇ ಊರುಗೋಲಾಗಿತ್ತೆಂಬುದನ್ನು ಮರೆಯಬಾರದು.

ಇವೆಲ್ಲಕ್ಕಿಂತ ಪ್ರಸಿದ್ಧವಾದುದು ಚೀಯೋನನ್ನು ಸಂಬೋಧಿಸಿ ರಚಿಸಿದ ದೀರ್ಘಗೀತೆ. ದೇವಾಲಯ ನಾಶವಾದುದರ ಸ್ಮರಣೆಗಾಗಿ ಆಬ್ ತಿಂಗಳ ಒಂಬತ್ತನೆಯ ದಿನ ಯೆಹೂದ್ಯರು ಉಪವಾಸವಿದ್ದು, ಪ್ರಲಾಪಗಳ ಗ್ರಂಥದೊಡನೆ ಶೋಕಗೀತೆಗಳನ್ನೂ ಓದುತ್ತಾರೆ. ಹಲೇವಿಯ ಈ ಗೀತೆ ಅವುಗಳಲ್ಲಿ ಒಂದು. ಪ್ರಿಯಳ ಬುಡಕಟ್ಟು ಗುಡಾರ ಕಿತ್ತು ಹೊರಟುಹೋದ ಮೇಲೆ ಬರಿದಾದ ಪಾಳೆಯದ ಮುಂದೆ ನಿಂತು ಮರುಗುವುದು ಅರಬ್ಬೀ ಕಾವ್ಯದ ಹಳೆಯ ಸಂಪ್ರದಾಯ. ಹಲೇವಿ ಆ ಪಾಳೆಯದ ಜಾಗದಲ್ಲಿ ಯೆರೂಸಲೇಮಿನ ಪಾಳುಗೋಡೆಗಳನ್ನಿಟ್ಟನು. ಯಾಕೋಬನು ಕನಸು ಕಂಡ ಬೇತೇಲ್, ದೇವದೂತನೊಡನೆ ಹೋರಾಡಿದ ಪೆನೀಯೇಲ್, ಪಿತೃಗಳ ಸಮಾಧಿಯಿರುವ ಹೆಬ್ರೋನ್, ಮೋಶೆ ಮತ್ತು ಆರೋನರು ಮಡಿದ ಬೆಟ್ಟಗಳು ಇವೆಲ್ಲವೂ ಅದರಲ್ಲಿ ಒಂದಾದಮೇಲೊಂದು ಬರುತ್ತವೆ. ಶಾಸ್ತ್ರದ ಹೆಸರುಗಳು ಇಲ್ಲಿ ಪುಟದ ಮೇಲಿನ ಅಕ್ಷರಗಳಾಗಿ ಉಳಿಯದೆ ಕಾಲಿನಿಂದ ನಡೆಯಬಹುದಾದ ನೆಲವಾಗುತ್ತವೆ. ಮುಂದಿನ ಶತಮಾನಗಳಲ್ಲಿ ಅನೇಕ ಕವಿಗಳು ಇದರ ಮಾದರಿಯಲ್ಲಿ ಗೀತೆಗಳನ್ನು ಬರೆದರು.

ನನ್ನ ಪ್ರಶ್ನೆಗೆ ಉತ್ತರ ಇಲ್ಲಿಂದ ಆರಂಭವಾಗುತ್ತದೆ. ಶಾಸ್ತ್ರದ ಸ್ಥಳಗಳು ನಿಜವಾದ ನೆಲವೆಂದು ಹಾಡಿದವನು, ಆ ನೆಲಕ್ಕೆ ಹೋಗದೆ ಇರಬಹುದೇ? ಈ ಸಂಕಟವು ಹಲೇವಿಯ ಗದ್ಯಗ್ರಂಥದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕುಜಾರಿ ಎಂದು ಹೆಸರಾದ ಆ ಗ್ರಂಥವನ್ನು ಆತನು ಅರಬ್ಬೀ ಭಾಷೆಯಲ್ಲಿ ಬರೆದನು. ಗುರುಪರಂಪರೆಯ ವ್ಯಾಖ್ಯಾನವನ್ನು ಒಪ್ಪದ ಪಂಥದವನೊಬ್ಬನು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಆರಂಭವಾದ ಈ ಕೃತಿ ಹಲವು ವರ್ಷ ಬೆಳೆದು ೧೧೪೦ರ ಸುಮಾರಿಗೆ ಮುಗಿಯಿತು. ೧೧೬೭ರಲ್ಲಿ ಯೆಹೂದ ಇಬ್ನ್ ತಿಬ್ಬೋನ್ ಇದನ್ನು ಹೀಬ್ರೂವಿಗೆ ಅನುವಾದಿಸಿದನು.

ಹಿಂದಿನ ಕಾಲದಲ್ಲಿ ಯೆಹೂದ್ಯ ಧರ್ಮವನ್ನು ಸ್ವೀಕರಿಸಿದ ಖಜಾರರ ದೊರೆಯ ವೃತ್ತಾಂತವೇ ಇದರ ಹಂದರ. ದೊರೆಗೆ ಒಂದು ಕನಸು ಬೀಳುತ್ತದೆ: ಅವನ ಭಾವನೆ ದೇವರಿಗೆ ಒಪ್ಪಿಗೆ, ಆದರೆ ಆಚರಣೆ ಒಪ್ಪಿಗೆಯಲ್ಲ ಎಂದು. ಅವನು ತತ್ತ್ವಜ್ಞಾನಿಯನ್ನೂ ಕ್ರೈಸ್ತನನ್ನೂ ಮುಸಲ್ಮಾನನನ್ನೂ ಕೊನೆಗೆ ಯೆಹೂದ್ಯ ಗುರುವನ್ನೂ ಕರೆಸಿ ವಿಚಾರಿಸುತ್ತಾನೆ. ಐದು ಭಾಗಗಳ ಸಂಭಾಷಣೆಯಲ್ಲಿ ಎರಡು ಸಂದರ್ಭಗಳು ನಮಗೆ ಮುಖ್ಯ. ಒಂದು, ಛಂದಸ್ಸಿನ ಚರ್ಚೆ. ಶಾಸ್ತ್ರವನ್ನು ಸ್ವರಚಿಹ್ನೆಗಳಿಗನುಸಾರವಾಗಿ ಪಠಿಸುವ ಹೀಬ್ರೂ ಕ್ರಮವು ಅರ್ಥವನ್ನು ಕಾಪಾಡುತ್ತದೆ, ಹೊರಗಿನಿಂದ ತಂದ ಅಳತೆಯ ಛಂದಸ್ಸು ಭಾಷೆಯ ಸಹಜವಾದ ನಡೆಯನ್ನು ಕೆಡಿಸುತ್ತದೆ ಎಂದು ಗುರುವು ವಾದಿಸುತ್ತಾನೆ. ಅರಬ್ಬೀ ಛಂದಸ್ಸಿನಲ್ಲಿ ತನ್ನ ಕಾಲದ ಯಾರಿಗೂ ಕಡಮೆಯಿಲ್ಲದ ಕವಿಯೇ ಹೀಗೆ ಬರೆದನೆಂಬುದು ಆಶ್ಚರ್ಯಕರ! ಹಾಗೆ ಬರೆದ ಮೇಲೂ ಅದೇ ಛಂದಸ್ಸಿನಲ್ಲಿ ಹಾಡುವುದನ್ನು ಆತನು ಬಿಡಲಿಲ್ಲ.

ಎರಡನೆಯ ಸಂದರ್ಭ ಇನ್ನೂ ಮರ್ಮಭೇದಕವಾದುದು. ಗುರುವು ಪವಿತ್ರ ಭೂಮಿಯ ಮಹಿಮೆಯನ್ನು ಬಣ್ಣಿಸಿದಾಗ ದೊರೆಯು ಆತನನ್ನು ತಡೆದು, ಹಾಗಿದ್ದರೆ ನೀವೇಕೆ ಅಲ್ಲಿಗೆ ಹೋಗಿಲ್ಲ ಎಂಬ ಅರ್ಥದಲ್ಲಿ ಕೇಳುತ್ತಾನೆ. ಗುರುವು ನಾಚುತ್ತಾನೆ. ಮನಸ್ಸಿಲ್ಲದೆ ಹೇಳುವ ಪ್ರಾರ್ಥನೆ ಕಲಿಸಿದ ಮಾತನ್ನು ನುಡಿಯುವ ಹಕ್ಕಿಯ ದನಿಗೆ ಸಮಾನವೆಂದು ಒಪ್ಪಿಕೊಳ್ಳುತ್ತಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಗಿಳಿಪಾಠ. ಗ್ರಂಥದ ಕೊನೆಯಲ್ಲಿ ಆ ಗುರುವು ದೊರೆಯನ್ನು ಬೀಳ್ಕೊಂಡು ಯೆರೂಸಲೇಮಿಗೆ ಹೊರಡುತ್ತಾನೆ. ಭಾವನೆ ಸರಿಯಿದ್ದು ಆಚರಣೆ ಸರಿಯಿಲ್ಲವೆಂದು ದೊರೆಗೆ ಬಿದ್ದ ಕನಸು ಕೊನೆಗೆ ಗುರುವನ್ನೂ, ಗ್ರಂಥಕರ್ತನನ್ನೂ ಮುಟ್ಟಿತು.

ಈ ಗ್ರಂಥದ ಎಲ್ಲ ವಾದಗಳನ್ನೂ ನಾನು ಒಪ್ಪುತ್ತೇನೆಂದು ವಾಚಕರು ಭಾವಿಸಬಾರದು. ದೈವಿಕವಾದ ಒಂದು ಗುಣವು ಇಸ್ರಾಯೇಲ್ಯರಲ್ಲಿ ಹುಟ್ಟಿನಿಂದಲೇ ಬರುತ್ತದೆ, ಮತಾಂತರ ಹೊಂದಿದವನು ಪ್ರವಾದಿಯ ಪದವಿಗೆ ಏರಲಾರನು ಎಂದು ಹಲೇವಿ ಪ್ರತಿಪಾದಿಸಿದ್ದಾನೆ. ಯೆಹೂದ್ಯ ಚಿಂತಕರಲ್ಲಿಯೇ ಅನೇಕರು ಇದನ್ನು ಒಪ್ಪಿಲ್ಲ. ಹುಟ್ಟಿನಿಂದ ಮೇಲುಕೀಳುಗಳನ್ನು ಅಳೆಯುವ ವಾದ ಎಲ್ಲಿಂದ ಬಂದರೂ ನನಗೆ ರುಚಿಸುವುದಿಲ್ಲ. ತುಳಿತಕ್ಕೆ ಸಿಕ್ಕಿದ ಜನಾಂಗದ ಆತ್ಮಗೌರವವನ್ನು ಎತ್ತಿಹಿಡಿಯುವ ಆತುರದಲ್ಲಿ ಆ ಮಾತು ಹುಟ್ಟಿತೆಂದು ತಿಳಿಯಬಹುದೇ ಹೊರತು ಅದನ್ನು ಸಮರ್ಥಿಸಲಾಗುವುದಿಲ್ಲ. ಆದರೆ ತನ್ನ ಮಾತನ್ನು ತನಗೇ ಅನ್ವಯಿಸಿಕೊಂಡ ಆತನ ಪ್ರಾಮಾಣಿಕತೆಯನ್ನು ಮೆಚ್ಚದೆ ಇರಲಾರೆ.

೧೧೪೦ರ ಬೇಸಗೆಯಲ್ಲಿ ಹಲೇವಿ ಸ್ಪೇನನ್ನು ಬಿಟ್ಟನು. ಸಮುದ್ರಯಾನದ ಮೇಲೆ ಆತನು ಬರೆದ ಕವಿತೆಗಳಲ್ಲಿ ಅಲೆಗಳ ಆರ್ಭಟ, ಹಡಗಿನ ಹಲಗೆಗಳ ನಡುಕ, ಒಬ್ಬಳೇ ಮಗಳ ಹಾಗೂ ತನ್ನದೇ ಹೆಸರಿನ ಮೊಮ್ಮಗನ ನೆನಪು ಎಲ್ಲವೂ ಬರುತ್ತವೆ. ಸೆಪ್ಟೆಂಬರ್ ೮ರಂದು ಹಡಗು ಅಲೆಕ್ಸಾಂಡ್ರಿಯ ಬಂದರನ್ನು ಸೇರಿತು. ಆತನ ಕೀರ್ತಿ ಆತನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ನ್ಯಾಯಾಧಿಪತಿ ಆರೋನ್ ಇಬ್ನ್ ಅಲ್ ಅಮ್ಮಾನಿಯ ಮನೆಯಲ್ಲಿ ಆತಿಥ್ಯ. ಕೈರೋವಿನಲ್ಲಿ ಯೆಹೂದ್ಯರ ನಾಯಕ ಸಮುಯೇಲ್ ಬೆನ್ ಹನನ್ಯನ ಆದರ. ಊರೂರಿನ ಗಣ್ಯರ ಆಹ್ವಾನ. ನೈಲ್ ನದಿಯನ್ನೂ ಮೋಶೆಯ ಕಾಲದ ಅದ್ಭುತಗಳನ್ನೂ ಕುರಿತು ಆತನು ಹಾಡಿದನು. ಆತಿಥ್ಯದ ಸುಖದಲ್ಲಿ ತಿಂಗಳುಗಳು ಉರುಳಿದವು. ಅಲ್ಲಿಯೇ ನಿಲ್ಲುವಂತೆ ಮಿತ್ರರು ಒತ್ತಾಯಿಸಿದರು. ಆತನು ನಿಲ್ಲಲಿಲ್ಲ. ೧೧೪೧ರ ಮೇ ತಿಂಗಳಿನಲ್ಲಿ ಅಲೆಕ್ಸಾಂಡ್ರಿಯದಲ್ಲಿ ಮತ್ತೆ ಹಡಗನ್ನೇರಿ, ಪಶ್ಚಿಮದ ಗಾಳಿಗಾಗಿ ದಿನಗಟ್ಟಲೆ ಕಾದನು. ಧರ್ಮಶಾಸ್ತ್ರವು ಸೀನಾಯ್ ಬೆಟ್ಟದಲ್ಲಿ ದೊರೆತುದರ ನೆನಪಿಗೆ ಆಚರಿಸುವ ವಾರಗಳ ಹಬ್ಬದಂದು, ಅಂದರೆ ಮೇ ೧೪ರಂದು, ಗಾಳಿ ಅನುಕೂಲವಾಗಿ ಹಡಗು ಪೂರ್ವಕ್ಕೆ ಹೊರಟಿತು.

ಇಷ್ಟು ಖಚಿತವಾಗಿ ದಿನಾಂಕಗಳನ್ನು ಹೇಳಲು ಸಾಧ್ಯವಾದುದು ಹೇಗೆಂಬುದೂ ಒಂದು ಸ್ವಾರಸ್ಯವಾದ ಕಥೆ. ದೇವರ ಹೆಸರಿರುವ ಕಾಗದವನ್ನು ಯೆಹೂದ್ಯರು ನಾಶಮಾಡುವುದಿಲ್ಲ. ಹಳೆಯ ಕೈರೋವಿನ ಸಭಾಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಗದಪತ್ರಗಳು ಹೀಗೆ ರಾಶಿಬಿದ್ದಿದ್ದವು. ಇದಕ್ಕೆ ಗೆನೀಜಾ ಎಂದು ಹೆಸರು. ೧೮೯೬-೯೭ರಲ್ಲಿ ಸೊಲೊಮನ್ ಷೆಕ್ಟರ್ ಎಂಬ ವಿದ್ವಾಂಸನು ಅವುಗಳಲ್ಲಿ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದನು. ಅವುಗಳಲ್ಲಿ ಹಲೇವಿಯ ಸ್ವಹಸ್ತದ ಪತ್ರಗಳಿವೆಯೆಂದು ಎಸ್. ಡಿ. ಗೊಯ್ಟೈನ್ ೧೯೫೦ರ ದಶಕದಲ್ಲಿ ಪ್ರಕಟಪಡಿಸಿದನು. ಒಂದು ಪತ್ರದಲ್ಲಿ ಸೆರೆಸಿಕ್ಕ ಹೆಂಗಸೊಬ್ಬಳನ್ನು ಬಿಡಿಸಲು ಹಣ ಕೂಡಿಸುವ ವಿಚಾರವಿದೆ. ಬಿಡುಗಡೆಯನ್ನು ಕುರಿತು ಹಾಡಿದವನು ಬಿಡುಗಡೆಗಾಗಿ ಮನ್ನೆಮನ್ನೆಯ ಬಾಗಿಲನ್ನೂ ತಟ್ಟಿದನೆಂದು ಇದರಿಂದ ತಿಳಿದುಬರುತ್ತದೆ.

ಈ ಪತ್ರಗಳನ್ನು ಬರೆದುದು ಈಜಿಪ್ಟಿನ ಹಲ್ಫೋನ್ ಬೆನ್ ನೆತನೇಲ್ ಎಂಬ ಮಿತ್ರನಿಗೆ. ಆತನು ಸ್ಪೇನಿನಿಂದ ಏಡನ್, ಭಾರತಗಳವರೆಗೆ ಸಂಚರಿಸುತ್ತಿದ್ದ ವ್ಯಾಪಾರಿ. ಅದೇ ರಾಶಿಯಲ್ಲಿ ೧೧೩೨ರಿಂದ ೧೧೪೯ರವರೆಗೆ ನಮ್ಮ ಮಂಗಳೂರಿನ ಕಡೆ ನೆಲಸಿ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ ಅಬ್ರಹಾಮ್ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನ ಪತ್ರಗಳೂ ಇವೆ. ಅಮಿತಾವ್ ಘೋಷ್ ೧೯೯೨ರ ತಮ್ಮ ಪುಸ್ತಕದಲ್ಲಿ ಈತನ ಕಥೆಯನ್ನೂ, ಈತನ ಸೇವಕನಾಗಿದ್ದ ಬೊಮ್ಮನ ಕಥೆಯನ್ನೂ ಹೇಳಿದ್ದಾರೆ. ಬೆನ್ ಯಿಜು ಸ್ವತಃ ಹೀಬ್ರೂ ಕವಿತೆಗಳನ್ನು ಬರೆಯುತ್ತಿದ್ದನು. ಏಡನ್ನಿನ ಮದ್ಮೂನ್ ಎಂಬ ವರ್ತಕಪ್ರಮುಖನು ಹಲ್ಫೋನನಿಗೂ ಬೆನ್ ಯಿಜುವಿಗೂ ಪತ್ರವ್ಯವಹಾರದ ಮಿತ್ರನಾಗಿದ್ದನು. ಮಹಾಕವಿಯ ಕೈಬರಹವೂ ಮಂಗಳೂರಿನ ಅಡಕೆ ಮೆಣಸುಗಳ ಲೆಕ್ಕವೂ ಒಂದೇ ಕೋಣೆಯಲ್ಲಿ ಎಂಟು ಶತಮಾನಗಳಿಗೆ ಸಮೀಪವಾಗಿ ಒಟ್ಟಿಗಿದ್ದವೆಂಬುದನ್ನು ನೆನೆದರೆ ರೋಮಾಂಚವಾಗುತ್ತದೆ.

ಹಲೇವಿಯ ಹಡಗು ಹತ್ತಾರು ದಿನಗಳಲ್ಲಿ ಪಾಲೆಸ್ತೀನಿನ ತೀರವನ್ನು ಮುಟ್ಟಿರಬೇಕು. ಅದೇ ವರ್ಷದ ಬೇಸಗೆಯಲ್ಲಿ ಆತನು ತೀರಿಕೊಂಡನೆಂದು ಗೆನೀಜಾ ಪತ್ರಗಳು ಸೂಚಿಸುತ್ತವೆ. ಯೆರೂಸಲೇಮಿನ ಬಾಗಿಲಲ್ಲಿ ನೆಲಕ್ಕೆ ಮುಖವಿಟ್ಟು ತನ್ನ ಚೀಯೋನಿನ ಗೀತೆಯನ್ನು ಹಾಡುತ್ತಿದ್ದಾಗ ಅರಬ್ಬೀ ರಾವುತನೊಬ್ಬನ ಕುದುರೆ ತುಳಿದು ಸತ್ತನೆಂಬ ಐತಿಹ್ಯವೊಂದಿದೆ. ಸುಮಾರು ನಾಲ್ಕೂವರೆ ಶತಮಾನಗಳ ಮೇಲೆ, ೧೫೮೭ರಲ್ಲಿ ಅಚ್ಚಾದ ಗೆದಲ್ಯ ಇಬ್ನ್ ಯಹ್ಯನ ಗ್ರಂಥದಲ್ಲಿ ಈ ಕಥೆ ಬಂದಿದೆ. ಜರ್ಮನ್ ಕವಿ ಹೈನೆಯು ೧೮೫೧ರಲ್ಲಿ ಪ್ರಕಟವಾದ ತನ್ನ ದೀರ್ಘಕವಿತೆಯಲ್ಲಿ ಹಲೇವಿಯನ್ನು ಹಾಡಿಹೊಗಳಿದ್ದಾನೆ. ಚರಿತ್ರೆಯ ವಿದ್ಯಾರ್ಥಿಯು ಕುದುರೆಯ ಕಥೆಯನ್ನು ನಂಬಬೇಕಾಗಿಲ್ಲ. ಆದರೆ ಜನರು ಅದನ್ನು ಏಕೆ ಕಟ್ಟಿದರೆಂದು ತಿಳಿಯುವುದು ಕಷ್ಟವಲ್ಲ. ಇಡೀ ಬಾಳು ಯಾವ ಹಾಡಿನ ಕಡೆಗೆ ಸಾಗಿತೋ ಆ ಹಾಡು ಬಾಯಲ್ಲಿರುವಾಗಲೇ ಆತನು ಮಡಿಯಬೇಕೆಂದು ಅವರಿಗೆ ತೋರಿತು.

ಆತನು ತೀರಿಕೊಂಡ ಏಳು ವರ್ಷಗಳಲ್ಲಿ, ೧೧೪೮ರಲ್ಲಿ, ಅಲ್ಮೊಹಾದರು ಕಾರ್ದೊವವನ್ನು ಹಿಡಿದರು. ದಕ್ಷಿಣ ಸ್ಪೇನಿನ ಯೆಹೂದ್ಯ ಸಮಾಜಗಳು ಹಾಳಾದವು. ಆ ಉದ್ಯಾನಗಳು, ಕವಿಗೋಷ್ಠಿಗಳು, ಪೋಷಕರ ಮನೆಗಳು ಯಾವುದೂ ಉಳಿಯಲಿಲ್ಲ. ಹಾಡುಗಳು ಉಳಿದವು. ಪಂಡಿತರ ಕಪಾಟಿನಲ್ಲಿ ಮಾತ್ರ ಉಳಿದಿದ್ದರೆ ಅದೊಂದು ದೊಡ್ಡ ಸಂಗತಿಯಾಗುತ್ತಿರಲಿಲ್ಲ. ಅವು ಉಳಿದುದು ಪ್ರಾರ್ಥನೆಯ ಪುಸ್ತಕಗಳಲ್ಲಿ, ಸಬ್ಬತ್ತಿನ ಊಟದ ಮೇಜಿನ ಸುತ್ತ, ಉಪವಾಸದ ದಿನ ನೆಲದ ಮೇಲೆ ಕುಳಿತವರ ಕಂಠದಲ್ಲಿ.

ಸಹಪಾಠಿಗಳೇ, ನಾವೂ ದಿನನಿತ್ಯ ಎಷ್ಟೋ ದೊಡ್ಡ ಮಾತುಗಳನ್ನು ಪಠಿಸುತ್ತೇವೆ. ಸಭೆಗಳಲ್ಲಿ ಎದ್ದುನಿಂತು ಹಾಡುತ್ತೇವೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅವುಗಳಿಗೆ ಅರ್ಥವನ್ನೂ ಬರೆಯುತ್ತೇವೆ. ಯೆಹೂದ ಹಲೇವಿ ಅರ್ಥ ಬರೆದವನು ಮಾತ್ರವಲ್ಲ. ಅರ್ಥ ತಿಳಿದ ಮೇಲೆ ಅದು ತನ್ನಿಂದ ಏನನ್ನು ಕೇಳುತ್ತದೆಂದು ವಿಚಾರಿಸಿದನು. ಕೇಳಿದುದನ್ನು ಕೊಡಲು ಅರುವತ್ತರ ಸುಮಾರಿನ ವಯಸ್ಸಿನಲ್ಲಿ ಹಡಗು ಹತ್ತಿದನು. ಗ್ರಂಥಕ್ಕೆ ಆತನು ಮಾಡಿದ ಮೊದಲ ವ್ಯಾಖ್ಯಾನ ಹಾಡಿನಲ್ಲಿದೆ. ಎರಡನೆಯದು ಆ ಪ್ರಯಾಣದಲ್ಲಿದೆ.